ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು: ಸುಲಿಗೆ ಪ್ರಕರಣಗಳ ಮೇಲ್ಮನವಿಯಲ್ಲಿ ಕಣ್ಣುಸಾಕ್ಷಿ ಮತ್ತು ಕಳವಿನ ಮಾಲು

ಮಹಾನಗರಗಳಲ್ಲಿ ನೆಲೆಸಿರುವ ನಮಗೆ ಸರಗಳ್ಳತನ, ಹಾಡುಹಗಲೇ ಮನೆಗೆ ನುಗ್ಗಿ ಸುಲಿಗೆ ಮುಂತಾದ ಸುದ್ದಿಗಳು ಹೊಸತಲ್ಲ. ಪೊಲೀಸರು ಆರೋಪಿಗಳನ್ನು ಬಂಧಿಸಿ, ವಶಪಡಿಸಿಕೊಂಡ ಒಡವೆಗಳನ್ನು ಮೇಜಿನ ಮೇಲೆ ಹರಡಿ ಪತ್ರಕರ್ತರಿಗೆ ತೋರಿಸಿದಾಗ, ಪ್ರಕರಣ ಅಲ್ಲಿಗೆ ಮುಗಿಯಿತೆಂದೇ ನಾವು ಭಾವಿಸುತ್ತೇವೆ. ಕೆಲವು ವರ್ಷಗಳ ಬಳಿಕ, ಅದೇ ಆರೋಪಿಗಳು ಉಚ್ಚ ನ್ಯಾಯಾಲಯದಲ್ಲಿ ಮೇಲ್ಮನವಿ ಗೆದ್ದು ಬಿಡುಗಡೆಯಾದರೆಂಬ ವಾರ್ತೆ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಎರಡು ಸಾಲಾಗಿ ಬರುತ್ತದೆ. "ಕಣ್ಣಾರೆ ಕಂಡವರಿದ್ದರು, ಮಾಲೂ ಸಿಕ್ಕಿತ್ತು, ಆದರೂ ಬಿಟ್ಟುಬಿಟ್ಟರಲ್ಲ!" ಎಂದು ಹಿರಿಯರು ನೊಂದುಕೊಳ್ಳುವುದನ್ನು ನಾವು ಸಂಘದ ಕೂಟಗಳಲ್ಲಿ ಹಲವು ಬಾರಿ ಕೇಳಿದ್ದೇವೆ.

ನಾವು ವಕೀಲರಲ್ಲ, ಬ್ಯಾಂಕಿನ ಮೇಜಿನ ಹಿಂದೆ ಕುಳಿತು ಬದುಕು ಸವೆಸಿದವರು. ಆದರೆ ಇಂಥ ತೀರ್ಪುಗಳನ್ನು ಕುತೂಹಲದಿಂದ ಓದುತ್ತ ಬಂದಾಗ ಒಂದು ಸಂಗತಿ ನಮಗೆ ಸ್ಪಷ್ಟವಾಗಿದೆ. ಮೇಲ್ಮನವಿಯ ಸೋಲು ಗೆಲವು ಬಹುಮಟ್ಟಿಗೆ ನಿರ್ಧಾರವಾಗುವುದು ಘಟನೆ ನಡೆದ ಮೊದಲ ಕೆಲವು ದಿನಗಳಲ್ಲಿ. ಆ ದಿನಗಳಲ್ಲಿ ಪೊಲೀಸರು ಮಾಡುವ ಕೆಲಸದಷ್ಟೇ, ಸುಲಿಗೆಗೆ ಒಳಗಾದ ಕುಟುಂಬ ಏನು ಹೇಳುತ್ತದೆ, ಏನು ನೋಡುತ್ತದೆ, ಏನನ್ನು ಕಾಪಾಡಿಟ್ಟುಕೊಳ್ಳುತ್ತದೆ ಎಂಬುದೂ ಮುಖ್ಯವಾಗುತ್ತದೆ. ಇದನ್ನು ಓದುಗರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಮೇಲ್ಮನವಿಯಲ್ಲಿ ನಡೆಯುವುದೇನು?

ವಿಚಾರಣಾ ನ್ಯಾಯಾಧೀಶರು ಸಾಕ್ಷಿಯನ್ನು ಕಟಕಟೆಯಲ್ಲಿ ಎದುರಿಗೆ ಕಾಣುತ್ತಾರೆ. ಅವರ ಧ್ವನಿ, ತಡವರಿಕೆ, ಧೈರ್ಯ ಎಲ್ಲವನ್ನೂ ಗಮನಿಸುತ್ತಾರೆ. ಮೇಲ್ಮನವಿಯ ನ್ಯಾಯಾಲಯಕ್ಕೆ ಆ ಅವಕಾಶವಿಲ್ಲ. ಅದರ ಮುಂದೆ ಇರುವುದು ಕಡತ ಮಾತ್ರ: ದೂರು, ಪಂಚನಾಮೆ, ಸಾಕ್ಷಿಗಳ ಹೇಳಿಕೆ, ಪಾಟೀಸವಾಲಿನ ದಾಖಲೆ. ಬ್ಯಾಂಕಿನ ಲೆಕ್ಕ ಪರಿಶೋಧಕರು ಗ್ರಾಹಕರ ಮುಖ ನೋಡುವುದಿಲ್ಲ, ವೋಚರು ನೋಡುತ್ತಾರೆ; ವೋಚರಿನಲ್ಲಿ ಸಹಿ ಇಲ್ಲದಿದ್ದರೆ ಗುಮಾಸ್ತರ ಪ್ರಾಮಾಣಿಕತೆಯ ಬಗ್ಗೆ ಯಾರು ಎಷ್ಟು ಹೇಳಿದರೂ ಪ್ರಯೋಜನವಿಲ್ಲ. ಮೇಲ್ಮನವಿಯ ಕಾರ್ಯವೂ ಇದಕ್ಕೆ ಹತ್ತಿರವಾದುದು.

ಇನ್ನೊಂದು ನಿಯಮವನ್ನೂ ನೆನಪಿಡಬೇಕು. ಕೆಳಗಿನ ನ್ಯಾಯಾಲಯವೇ ಆರೋಪಿಯನ್ನು ಬಿಡುಗಡೆ ಮಾಡಿದ್ದರೆ ಅದನ್ನು ಬದಲಿಸುವುದು ಮತ್ತೂ ಕಷ್ಟ. ಕರ್ನಾಟಕದಿಂದ ಹೋದ ಒಂದು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಈ ತತ್ತ್ವಗಳನ್ನು ಕ್ರಮವಾಗಿ ನಿರೂಪಿಸಿತು. ಅದೇ ಸಾಕ್ಷ್ಯದಿಂದ ಎರಡು ಸಮಂಜಸ ಅಭಿಪ್ರಾಯಗಳು ಸಾಧ್ಯವಿದ್ದಲ್ಲಿ, ಬಿಡುಗಡೆಯ ತೀರ್ಪನ್ನು ಕದಲಿಸಬಾರದೆಂಬುದು ಅದರ ಸಾರ. ಕಾರಣ, ನಿರ್ದೋಷಿಯೆಂಬ ಮೊದಲಿನ ಭಾವನೆಗೆ ಬಿಡುಗಡೆಯ ತೀರ್ಪಿನಿಂದ ಇನ್ನಷ್ಟು ಬಲ ಬಂದಿರುತ್ತದೆ.

ಹೀಗಾಗಿ ಸುಲಿಗೆ ಪ್ರಕರಣದ ಮೇಲ್ಮನವಿಯಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆಗಳು ಉಳಿಯುತ್ತವೆ. ಕಂಡವರು ಇವನನ್ನೇ ಕಂಡರೇ? ಸಿಕ್ಕ ಮಾಲು ಅದೇ ಮಾಲೇ, ಮತ್ತು ಅದು ಇವನ ಕೈಗೆ ಹೇಗೆ ಬಂತು?

ಕಣ್ಣು ಮೋಸಹೋದ ಒಂದು ಪ್ರಸಿದ್ಧ ಪ್ರಕರಣ

ಕಣ್ಣುಸಾಕ್ಷಿಯ ಬಗ್ಗೆ ನ್ಯಾಯಾಲಯಗಳು ಇಷ್ಟೊಂದು ಎಚ್ಚರ ವಹಿಸುವುದೇಕೆ ಎಂಬುದಕ್ಕೆ ನೂರು ವರ್ಷಕ್ಕೂ ಹಿಂದಿನ ಇಂಗ್ಲೆಂಡಿನ ಒಂದು ಪ್ರಕರಣವನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಅದು ಬಲಪ್ರಯೋಗದ ಸುಲಿಗೆಯಲ್ಲ, ವಂಚನೆ; ಆದರೆ ಪಾಠ ಒಂದೇ. ಲಂಡನ್ನಿನಲ್ಲಿ ಒಬ್ಬನು ಶ್ರೀಮಂತ ಪ್ರಭುವಿನ ಸೋಗು ಹಾಕಿ, ಮಹಿಳೆಯರಿಗೆ ಹುರುಳಿಲ್ಲದ ಚೆಕ್ಕು ಕೊಟ್ಟು, ಅವರ ಉಂಗುರ ಗಡಿಯಾರಗಳನ್ನು ಲಪಟಾಯಿಸುತ್ತಿದ್ದನು. 1895ರ ಕೊನೆಯಲ್ಲಿ, ಮೋಸಹೋದ ಮಹಿಳೆಯೊಬ್ಬರು ದಾರಿಯಲ್ಲಿ ಕಂಡ ಅಡಾಲ್ಫ್ ಬೆಕ್ ಎಂಬ ನಾರ್ವೆ ಮೂಲದ ವ್ಯಕ್ತಿಯನ್ನು "ಇವನೇ" ಎಂದು ತೋರಿಸಿದರು. ಬಳಿಕ ಹಲವು ಮಹಿಳೆಯರು ಒಬ್ಬರಾದ ಮೇಲೊಬ್ಬರು ಅವನನ್ನೇ ಗುರುತಿಸಿದರು. 1896ರಲ್ಲಿ ಅವನಿಗೆ ಏಳು ವರ್ಷಗಳ ಕಠಿಣ ಸಜೆಯಾಯಿತು.

ಬೆಕ್ 1901ರಲ್ಲಿ ಸೆರೆಯಿಂದ ಹೊರಬಂದ ಮೇಲೆ ಅದೇ ಬಗೆಯ ವಂಚನೆಗಳು ಮತ್ತೆ ನಡೆದವು. 1904ರಲ್ಲಿ ಮತ್ತೆ ಬಂಧನ, ಮತ್ತೆ ಮಹಿಳೆಯರ ಗುರುತಿಸುವಿಕೆ, ಮತ್ತೆ ಅಪರಾಧಿಯೆಂಬ ನಿರ್ಣಯ. ಸಂದೇಹಗೊಂಡ ನ್ಯಾಯಾಧೀಶರು ಶಿಕ್ಷೆ ವಿಧಿಸುವುದನ್ನು ಮುಂದೂಡಿದರು. ಬೆಕ್ ಸೆರೆಯಲ್ಲಿ ಇರುವಾಗಲೇ, ಇಬ್ಬರು ಮಹಿಳೆಯರಿಂದ ಪಡೆದ ಉಂಗುರಗಳನ್ನು ಒತ್ತೆ ಇಡಲು ಹೋದ ಮತ್ತೊಬ್ಬನು ಸಿಕ್ಕಿಬಿದ್ದನು. ನಿಜವಾದ ವಂಚಕ ಅವನೇ. ಬೆಕ್‌ಗೆ ಸಂಪೂರ್ಣ ಕ್ಷಮಾದಾನವೂ ಪರಿಹಾರ ಧನವೂ ದೊರೆತವು. ಈ ಪ್ರಕರಣ ಎಬ್ಬಿಸಿದ ಜನಾಭಿಪ್ರಾಯದ ಒತ್ತಡದಿಂದಲೇ 1907ರಲ್ಲಿ ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯವನ್ನು ಸ್ಥಾಪಿಸುವ ಶಾಸನವಾಯಿತು.

ಆ ಮಹಿಳೆಯರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಎಲ್ಲರೂ ಮನಃಪೂರ್ವಕವಾಗಿ ನಂಬಿಯೇ ಹೇಳಿದ್ದರು. ಅಂಥ ಸಾಕ್ಷಿಗಳನ್ನು ಪಾಟೀಸವಾಲಿನಿಂದ ಕದಲಿಸುವುದು ಕಷ್ಟವಾದುದರಿಂದಲೇ ತಪ್ಪು ಎರಡು ಬಾರಿ ನಡೆಯಿತು. ಬೆಕ್‌ನನ್ನು ಉಳಿಸಿದ್ದು ಯಾರ ಕಣ್ಣೂ ಅಲ್ಲ, ಗಿರವಿ ಅಂಗಡಿಗೆ ಬಂದ ಉಂಗುರಗಳು.

ಸ್ಮರಣೆಯ ಸ್ವಭಾವವನ್ನು ಅಭ್ಯಸಿಸಿದ ಮನೋವಿಜ್ಞಾನಿಗಳು ಇದಕ್ಕೆ ಕಾರಣ ಹೇಳಿದ್ದಾರೆ. ಚಾಕು ಹಿಡಿದವನ ಎದುರು ನಿಂತಾಗ ನಮ್ಮ ದೃಷ್ಟಿ ಚಾಕುವಿನ ಮೇಲೆ ನೆಡುತ್ತದೆ, ಮುಖದ ಮೇಲಲ್ಲ. ಮುಂದೆ ಕೇಳಿದ ಮಾತು, ಕಂಡ ಭಾವಚಿತ್ರಗಳು ಹಳೆಯ ನೆನಪಿನೊಳಗೆ ನಮಗೆ ಅರಿವಿಲ್ಲದೆ ಸೇರಿಕೊಳ್ಳುತ್ತವೆ. ಅಮೆರಿಕದ ಎಲಿಜಬೆತ್ ಲೋಫ್ಟಸ್ ಮತ್ತು ಜಾನ್ ಪಾಮರ್ ಎಂಬ ಸಂಶೋಧಕರು 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾರುಗಳ ಅಪಘಾತದ ಚಿತ್ರವನ್ನು ಜನರಿಗೆ ತೋರಿಸಿ ಪ್ರಶ್ನೆ ಕೇಳಲಾಯಿತು. "ತಾಗಿದಾಗ" ವೇಗ ಎಷ್ಟಿತ್ತು ಎಂದು ಕೇಳಿಸಿಕೊಂಡವರಿಗಿಂತ "ಅಪ್ಪಳಿಸಿದಾಗ" ಎಂದು ಕೇಳಿಸಿಕೊಂಡವರು ಹೆಚ್ಚು ವೇಗ ಹೇಳಿದರು. ವಾರದ ಬಳಿಕ, ಚಿತ್ರದಲ್ಲಿ ಇಲ್ಲದ ಒಡೆದ ಗಾಜನ್ನು ಕಂಡೆವೆಂದವರೂ ಇವರಲ್ಲೇ ಹೆಚ್ಚು. ಪ್ರಶ್ನೆಯ ಒಂದು ಪದ ನೆನಪನ್ನು ಇಷ್ಟು ತಿರುಗಿಸುವುದಾದರೆ, ಠಾಣೆಯಲ್ಲಿ "ಇವನೇನಾ?" ಎಂದು ತೋರಿಸಿದ ಒಂದು ಮುಖ ಎಷ್ಟು ತಿರುಗಿಸಬಹುದು!

ಗುರುತು ಪರೇಡು

ಈ ಅಪಾಯವನ್ನು ಕಡಿಮೆ ಮಾಡಲೆಂದೇ ಗುರುತು ಪರೇಡು ಎಂಬ ವ್ಯವಸ್ಥೆ ಇದೆ. ಆರೋಪಿಯನ್ನು ಅವನನ್ನು ಹೋಲುವ ವಯಸ್ಸು, ಮೈಕಟ್ಟಿನ ಇತರರ ನಡುವೆ ನಿಲ್ಲಿಸಿ, ಸಾಕ್ಷಿಯನ್ನು ಪ್ರತ್ಯೇಕವಾಗಿ ಕರೆದು ಗುರುತಿಸಲು ಹೇಳುತ್ತಾರೆ. ಮುಂಬಯಿ ಉಚ್ಚ ನ್ಯಾಯಾಲಯದ ಕ್ರಿಮಿನಲ್ ಕೈಪಿಡಿಯ ಪ್ರಕಾರ, ಒಬ್ಬ ಆರೋಪಿಯಿದ್ದರೆ ಕನಿಷ್ಠ ಅರ್ಧ ಡಜನ್ ಮಂದಿ, ಇಬ್ಬರಿದ್ದರೆ 10ರಿಂದ 12 ಮಂದಿ ಸಾಲಿನಲ್ಲಿರಬೇಕು. ಒಂದು ಪರೇಡಿನಲ್ಲಿ ಸಾಮಾನ್ಯವಾಗಿ ಇಬ್ಬರಿಗಿಂತ ಹೆಚ್ಚು ಆರೋಪಿಗಳನ್ನು ನಿಲ್ಲಿಸಬಾರದು. ತನಿಖೆ ನಡೆಸುವ ಪೊಲೀಸರು ಅಲ್ಲಿ ಇರಬಾರದು. ಪತ್ರಿಕೆಗಳ ಚಿತ್ರದಲ್ಲಿ ಆರೋಪಿಗಳ ಮುಖಕ್ಕೆ ಕಪ್ಪು ಬಟ್ಟೆ ಮುಚ್ಚಿರುವುದನ್ನು ನಾವೆಲ್ಲ ಕಂಡಿದ್ದೇವೆ. ಅದು ಅವರ ಮಾನ ಕಾಯಲು ಎಂದು ಅನೇಕರು ತಿಳಿದಿದ್ದಾರೆ. ಪರೇಡಿಗೆ ಮುಂಚೆ ಸಾಕ್ಷಿಗಳು ಆ ಮುಖ ನೋಡಬಾರದೆಂಬುದೇ ಅದರ ಮುಖ್ಯ ಕಾರಣ.

ಪರೇಡಿನಲ್ಲಿ ಗುರುತಿಸಿದ್ದೇ ಮೂಲಭೂತ ಸಾಕ್ಷ್ಯವಾಗುವುದಿಲ್ಲ ಎಂಬುದನ್ನು ಸರ್ವೋಚ್ಚ ನ್ಯಾಯಾಲಯ ಮತ್ತೆ ಮತ್ತೆ ಹೇಳಿದೆ. ಸಾಕ್ಷಿ ನ್ಯಾಯಾಲಯದ ಒಳಗೆ ಪ್ರಮಾಣ ಮಾಡಿ ಗುರುತಿಸಿದ್ದೇ ಮೂಲ ಸಾಕ್ಷ್ಯ. ಪರೇಡು ಅದಕ್ಕೆ ಆಧಾರ. ಬ್ಯಾಂಕಿನಲ್ಲಿ ಚೆಕ್ಕಿನ ಸಹಿಯನ್ನು ನಾವು ಖಾತೆ ತೆರೆದ ದಿನದ ನಮೂನೆ ಸಹಿಯೊಂದಿಗೆ ಹೋಲಿಸಿ ನೋಡುವಂತೆ, ವರ್ಷಗಳ ನಂತರದ ಗುರುತಿಸುವಿಕೆಯನ್ನು ನ್ಯಾಯಾಲಯವು ಪರೇಡಿನ ಹಾಗೂ ಮೊದಲ ದೂರಿನ ವಿವರಗಳೊಂದಿಗೆ ಹೋಲಿಸುತ್ತದೆ. ಪರೇಡು ನಡೆಯದಿದ್ದ ಮಾತ್ರಕ್ಕೆ ಪ್ರಕರಣ ಬಿದ್ದುಹೋಗುವುದೆಂದಿಲ್ಲ. ಸಾಕ್ಷಿಗೆ ಆರೋಪಿಯ ಮೊದಲ ಪರಿಚಯವಿದ್ದರೆ ಅದರ ಅಗತ್ಯವೂ ಇಲ್ಲ. ಆದರೆ ಅಪರಿಚಿತನನ್ನು ಕ್ಷಣಕಾಲ ಕಂಡವರು ಕಟಕಟೆಯಲ್ಲೇ ಮೊದಲ ಬಾರಿಗೆ ಗುರುತಿಸಿದರೆ ಅದಕ್ಕೆ ಸಿಗುವ ಬೆಲೆ ಅತ್ಯಲ್ಪ. ಅಲ್ಲಿ ಆರೋಪಿಯ ಸ್ಥಾನದಲ್ಲಿ ನಿಂತವನು ಯಾರೆಂದು ಯಾರು ತಾನೇ ತಿಳಿಯರು?

ಪರೇಡಿಗೆ ನಿಲ್ಲುವುದಿಲ್ಲವೆಂದು ಆರೋಪಿ ಹೇಳಬಹುದೇ ಎಂಬ ಪ್ರಶ್ನೆಯೂ ಬಂದಿತ್ತು. ದೆಹಲಿಯ ಸುಲಿಗೆ ಮತ್ತು ಕೊಲೆಯ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ, ಪರೇಡಿನಲ್ಲಿ ನಿಲ್ಲಿಸುವುದು ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತಪಡಿಸಿದಂತಲ್ಲ ಎಂದು ತೀರ್ಪಿತ್ತಿತು. ಆದರೆ "ನನ್ನ ಮುಖವನ್ನು ಸಾಕ್ಷಿಗಳಿಗೆ ಮೊದಲೇ ತೋರಿಸಿದ್ದಾರೆ" ಎಂಬ ಆರೋಪಿಯ ಆಕ್ಷೇಪ ನಿಜವೆಂದು ಕಂಡುಬಂದರೆ, ಆ ಗುರುತಿಸುವಿಕೆಗೆ ಬೆಲೆ ಉಳಿಯುವುದಿಲ್ಲ.

ಕಳವಿನ ಮಾಲು ಏನು ಹೇಳುತ್ತದೆ?

ಮುಖ ಮರೆತರೂ ವಸ್ತು ಮರೆಯದು. ಕಳವಾದ ಸ್ವಲ್ಪ ಕಾಲದಲ್ಲಿಯೇ ಆ ವಸ್ತು ಒಬ್ಬನ ಸ್ವಾಧೀನದಲ್ಲಿ ಕಂಡುಬಂದು, ಅದು ಹೇಗೆ ಬಂತೆಂದು ಅವನು ವಿವರಿಸದಿದ್ದರೆ, ಅವನೇ ಕಳ್ಳ ಅಥವಾ ಕಳವಿನದೆಂದು ತಿಳಿದೇ ಪಡೆದವನು ಎಂದು ನ್ಯಾಯಾಲಯ ಭಾವಿಸಬಹುದು. 1872ರ ಸಾಕ್ಷ್ಯ ಅಧಿನಿಯಮದ 114ನೆಯ ಕಲಮಿನ ದೃಷ್ಟಾಂತವಾಗಿದ್ದ ಈ ನಿಯಮ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 119ನೆಯ ಕಲಮಿನಲ್ಲಿ ಮುಂದುವರಿದಿದೆ. ಇಲ್ಲಿ "ಭಾವಿಸಬಹುದು" ಎಂಬ ಪದ ಮುಖ್ಯ, ಭಾವಿಸಲೇಬೇಕೆಂಬ ಕಟ್ಟಳೆಯಿಲ್ಲ.

"ಸ್ವಲ್ಪ ಕಾಲ" ಎಂದರೆ ಎಷ್ಟೆಂದು ಕಾನೂನು ದಿನ ಎಣಿಸಿ ಹೇಳಿಲ್ಲ. ನೋಟು, ಮೊಬೈಲ್ ಮುಂತಾದವು ಒಂದೇ ದಿನದಲ್ಲಿ ಹತ್ತು ಕೈ ದಾಟಬಹುದು; ಹೆಸರು ಕೊರೆಸಿದ ಬಳೆ ಅಷ್ಟು ಬೇಗ ಕೈ ಬದಲಾಯಿಸದು. ಕಾಲದ ಅಂತರವನ್ನು ವಸ್ತುವಿನ ಸ್ವಭಾವಕ್ಕೆ ತಕ್ಕಂತೆ ತೂಗಬೇಕು.

ಮಾಲು ಸಿಗುವ ಬಗೆಯೂ ಪರೀಕ್ಷೆಗೆ ಒಳಗಾಗುತ್ತದೆ. ಪೊಲೀಸರ ಮುಂದೆ ನೀಡಿದ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ನಡೆಯುವುದಿಲ್ಲ. ಅದಕ್ಕೊಂದು ಸೀಮಿತ ಅಪವಾದವಿದೆ: ಬಂಧಿತನ ಹೇಳಿಕೆಯಿಂದ ಒಂದು ಸಂಗತಿ ಪತ್ತೆಯಾದರೆ, ಆ ಪತ್ತೆಗೆ ನೇರ ಸಂಬಂಧಪಟ್ಟ ಭಾಗ ಮಾತ್ರ ಸಾಕ್ಷ್ಯವಾಗುತ್ತದೆ. ಪ್ರಿವಿ ಕೌನ್ಸಿಲ್ ಪುಲುಕುರಿ ಕೋಟಯ್ಯ ಪ್ರಕರಣದಲ್ಲಿ 1947ರ ಸುಮಾರಿಗೆ ಎಳೆದ ಈ ಗೆರೆ ಇಂದಿಗೂ ನಿಂತಿದೆ. ಉದಾಹರಣೆಗೆ, "ಆ ಮುದುಕಿಯಿಂದ ಕಿತ್ತುಕೊಂಡ ಸರವನ್ನು ನಮ್ಮ ಅಟ್ಟದ ಮೇಲೆ ಅಡಗಿಸಿದ್ದೇನೆ" ಎಂದು ಒಬ್ಬನು ಹೇಳಿ, ಸರ ಅಲ್ಲಿಯೇ ಸಿಕ್ಕಿತೆನ್ನೋಣ. ಅಟ್ಟದ ಮೇಲೆ ಸರ ಇರುವುದು ಅವನಿಗೆ ತಿಳಿದಿತ್ತೆಂಬುದಷ್ಟೇ ಸಾಬೀತಾಗುತ್ತದೆ. "ಕಿತ್ತುಕೊಂಡ" ಎಂಬ ಮಾತನ್ನು ನ್ಯಾಯಾಲಯ ಬದಿಗಿಡುತ್ತದೆ. ಆ ಕೊಂಡಿಯನ್ನು ಬೇರೆ ಸಾಕ್ಷ್ಯದಿಂದ ಬೆಸೆಯಬೇಕು.

ಮೂರು ತೀರ್ಪುಗಳು

1983ರ ಕಾನೂನು ವರದಿಗಳಲ್ಲಿ ಪ್ರಕಟವಾದ ಸರ್ವೋಚ್ಚ ನ್ಯಾಯಾಲಯದ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ವಿಷಯ ತಿಳಿಯಾಗುತ್ತದೆ. ಮೊದಲನೆಯದು ಆಂಧ್ರಪ್ರದೇಶದ ಸುಲಿಗೆ ಪ್ರಕರಣ. ಗುರುತು ಪರೇಡು ನಡೆದಿರಲಿಲ್ಲ. ಘಟನೆಯ ನಾಲ್ಕು ತಿಂಗಳ ನಂತರ ನ್ಯಾಯಾಲಯದಲ್ಲಿಯೇ ಗುರುತಿಸಲಾಗಿತ್ತು. ಮಾಲು ಪತ್ತೆಯಾದುದು ಯಾರ ಯಾವ ಹೇಳಿಕೆಯಿಂದ ಎಂಬುದು ದಾಖಲಾಗಿರಲಿಲ್ಲ. ಆರೋಪಿಗಳೆಲ್ಲ ಒಟ್ಟಾಗಿ ಹೇಳಿದರೆಂಬಂತೆ ಇತ್ತು. ಒಬ್ಬರಿಗಿಂತ ಹೆಚ್ಚು ಆರೋಪಿಗಳಿದ್ದಾಗ ಯಾರು ಏನು ಹೇಳಿದರೆಂದು ಪ್ರತ್ಯೇಕವಾಗಿ ಬರೆದಿಡಬೇಕೆಂದು ಹೇಳಿ ನ್ಯಾಯಾಲಯ ಶಿಕ್ಷೆಯನ್ನು ರದ್ದುಪಡಿಸಿತು. ಕಣ್ಣೂ ಇತ್ತು, ಮಾಲೂ ಇತ್ತು. ಎರಡಕ್ಕೂ ದಾಖಲೆಯ ಬೆಂಬಲವಿರಲಿಲ್ಲ.

ಎರಡನೆಯದು ಕರ್ನಾಟಕದ್ದು. ನಿಜವಾದ ಹೆಸರು ಮರೆಮಾಚಿ ಮನೆಗೆಲಸಕ್ಕೆ ಸೇರಿದ್ದವನು ಮನೆಯೊಡತಿಯನ್ನು ಕೊಂದು ಒಡವೆಗಳೊಂದಿಗೆ ಕಣ್ಮರೆಯಾದನೆಂಬುದು ಆರೋಪ. ಕೃತ್ಯವನ್ನು ಕಂಡವರಿಲ್ಲ. ಸುಮಾರು ಒಂದು ವರ್ಷದ ಬಳಿಕ ಅವನು ಸಿಕ್ಕಿದಾಗ, ಅವನ ಹೇಳಿಕೆಯಂತೆ ಒಡವೆಗಳು ಪತ್ತೆಯಾದವು. ತಲೆಮರೆಸಿಕೊಂಡಿದ್ದುದರಿಂದ ಈ ಅಂತರ ದೀರ್ಘವೆನಿಸದು ಎಂದು ನ್ಯಾಯಾಲಯ ಹೇಳಿ, ಅಪರಾಧ ನಿರ್ಣಯವನ್ನು ಎತ್ತಿಹಿಡಿದು, ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು. ಒಡವೆಗಳಿಗೆ ಪರೇಡು ನಡೆಸಲಿಲ್ಲವೆಂಬ ವಾದವನ್ನು ಅದು ಒಪ್ಪಲಿಲ್ಲ. ತಮ್ಮ ಬಳಕೆಯ ವಸ್ತುಗಳನ್ನು ಗುರುತಿಸುವ ವಿಶೇಷ ಶಕ್ತಿ ಹೆಣ್ಣುಮಕ್ಕಳಿಗೆ ಇರುತ್ತದೆಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ. ನಮ್ಮ ಮನೆಗಳಲ್ಲಿ ಇದಕ್ಕೆ ಎದುರು ಹೇಳುವವರು ಯಾರೂ ಇರಲಾರರು.

ಇದಕ್ಕೂ ಒಂದು ಮಿತಿಯಿದೆ. 1956ರ ವರದಿಗಳಲ್ಲಿರುವ ರಾಜಸ್ಥಾನದ ಪ್ರಕರಣವೊಂದರಲ್ಲಿ ಕೊಲೆಯಾದವರ ವಸ್ತುಗಳು ಆರೋಪಿಗಳಲ್ಲಿ ಸಿಕ್ಕಿದ್ದವು, ಬೇರೆ ಸಾಕ್ಷ್ಯವಿರಲಿಲ್ಲ. ಅಷ್ಟರಿಂದಲೇ ಅವರನ್ನು ಕೊಲೆಗಾರರೆನ್ನುವುದು ಸುರಕ್ಷಿತವಲ್ಲ, ಸಂದೇಹವು ಪ್ರಮಾಣದ ಸ್ಥಾನವನ್ನು ಪಡೆಯಲಾರದು ಎಂದು ಸರ್ವೋಚ್ಚ ನ್ಯಾಯಾಲಯ ಕೊಲೆಯ ಶಿಕ್ಷೆಯನ್ನು ತೆಗೆದುಹಾಕಿತು. ಗುರುತಿಸುವಿಕೆ ಬಿದ್ದು ಮಾಲು ಮಾತ್ರ ನಿಂತಾಗ, ಮೇಲ್ಮನವಿಯಲ್ಲಿ ಸುಲಿಗೆಯ ಅಪರಾಧವು ಕಳವಿನ ಮಾಲು ಪಡೆದ ಅಪರಾಧಕ್ಕೆ ಇಳಿಯುವುದು ಇದೇ ತರ್ಕದಿಂದ. ಸುಲಿಗೆಗೆ 10 ವರ್ಷಗಳವರೆಗೆ ಸಜೆಯಾಗಬಹುದಾದರೆ, ಮಾಲು ಪಡೆದುದಕ್ಕೆ ಗರಿಷ್ಠ 3 ವರ್ಷ.

ಒಡವೆಗೊಂದು ಜಾತಕ

ನ್ಯಾಯಾಲಯದಲ್ಲಿ ವಕೀಲರು ಕೇಳುವ ಸಾಮಾನ್ಯ ಪ್ರಶ್ನೆ: "ಇಂಥ ಸರ ಪೇಟೆಯ ಯಾವ ಅಂಗಡಿಯಲ್ಲೂ ಸಿಗುತ್ತದಲ್ಲವೇ?" "ಹೌದು" ಎಂಬ ಒಂದೇ ಉತ್ತರ ಪ್ರಕರಣವನ್ನು ಅಲುಗಾಡಿಸಬಲ್ಲದು. ಇನ್ನು ಚಿನ್ನವನ್ನು ಕರಗಿಸಿ ಗಟ್ಟಿ ಮಾಡಿದ್ದರೆ ಗುರುತಿಸುವುದಾದರೂ ಏನನ್ನು? ತೂಕ ಹೊಂದಿದರೆ ಸಾಲದು.

ಒಡವೆ ಸಾಲದ ಕಾಗದಪತ್ರಗಳೊಂದಿಗೆ ದಿನಗಳೆದ ನಮಗೆ ತಿಳಿದಂತೆ, ಎಷ್ಟೋ ಮನೆಗಳಲ್ಲಿ ಲಕ್ಷಾಂತರ ರೂಪಾಯಿಯ ಚಿನ್ನವಿದ್ದರೂ ಅದರ ತೂಕ ಬರೆದ ಒಂದು ಚೀಟಿಯೂ ಇರುವುದಿಲ್ಲ. ಪ್ರತಿ ಒಡವೆಯ ಭಾವಚಿತ್ರ, ತೂಕ, ಬಿಲ್ಲು, ರಿಪೇರಿಯ ಗುರುತು, ಉದುರಿದ ಹರಳು ಇವೆಲ್ಲ ಬರೆದಿಟ್ಟರೆ ಅದೇ ಒಡವೆಯ ಜಾತಕ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಕಡ್ಡಾಯವಿರುವ ಕಡೆಗಳಲ್ಲಿ ಮಾರುವ ಚಿನ್ನದೊಡವೆಗಳ ಮೇಲೆ ಅಕ್ಷರ ಅಂಕಿಗಳು ಸೇರಿದ ಆರು ಸ್ಥಾನಗಳ ಎಚ್‌ಯುಐಡಿ ಸಂಖ್ಯೆ ಇರಬೇಕೆಂಬ ನಿಯಮವಿದೆ. ಪ್ರತಿ ಒಡವೆಗೂ ಸಂಖ್ಯೆ ಬೇರೆ. ಅದನ್ನು ಬರೆದಿಟ್ಟುಕೊಳ್ಳುವುದು ಒಳಿತು. ಅಜ್ಜಿಯ ಕಾಲದ ಕಾಸಿನ ಸರಕ್ಕೆ ಅದಿಲ್ಲ. ಅದನ್ನು ಮದುವೆಯಲ್ಲಿ ಧರಿಸಿ ತೆಗೆಸಿಕೊಂಡ ಸ್ಪಷ್ಟ ಭಾವಚಿತ್ರವೇ ಆಧಾರ. ಮೊಬೈಲಿನ 15 ಅಂಕಿಗಳ ಐಎಂಇಐ ಸಂಖ್ಯೆಗೂ ಇದೇ ಮಾತು ಅನ್ವಯ.

ಸಿಕ್ಕ ಒಡವೆ ಮುದ್ದೆಮಾಲಾಗಿ ವರ್ಷಗಟ್ಟಲೆ ಕೊಳೆಯುವುದೆಂಬ ಭಯದಿಂದ ಕೆಲವರು ದೂರು ಕೊಡಲೂ ಹಿಂಜರಿಯುತ್ತಾರೆ. ಗುಜರಾತಿನ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2002ರಲ್ಲಿಯೇ, ಬೆಲೆಬಾಳುವ ವಸ್ತುಗಳ ವಿವರವಾದ ಪಂಚನಾಮೆ ಮಾಡಿ, ಭಾವಚಿತ್ರ ತೆಗೆದು, ಮುಚ್ಚಳಿಕೆ ಬರೆಸಿಕೊಂಡು ಬೇಗನೆ ಮರಳಿಸಬೇಕೆಂದು ಹೇಳಿತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 497ನೆಯ ಕಲಮು ಇನ್ನೂ ಮುಂದೆ ಹೋಗಿ, ಮಾಲು ಹಾಜರಾದ 14 ದಿನಗಳಲ್ಲಿ ನ್ಯಾಯಾಲಯ ಅದರ ವಿವರಪಟ್ಟಿ ಮಾಡಿ, ಅದಾದ 30 ದಿನಗಳಲ್ಲಿ ವಿಲೇವಾರಿಯ ಆದೇಶ ಮಾಡಬೇಕೆನ್ನುತ್ತದೆ. ಅದೇ ಸಂಹಿತೆಯ 105ನೆಯ ಕಲಮಿನಂತೆ ಶೋಧ ಮತ್ತು ಜಪ್ತಿಯನ್ನು ಧ್ವನಿ ದೃಶ್ಯ ಮುದ್ರಣ ಮಾಡಬೇಕು. ಪಂಚರು ತಿರುಗಿಬಿದ್ದು ಪ್ರಕರಣ ಕುಸಿಯುವುದು ಇದರಿಂದ ಕಡಿಮೆಯಾದೀತೆಂದು ಆಶಿಸೋಣ.

ನಾವು ಮಾಡಬಹುದಾದುದು

ಸುಲಿಗೆಗೆ ಒಳಗಾದವರು ಅದೇ ದಿನ, ನೆನಪು ಹಸಿಯಾಗಿರುವಾಗಲೇ, ಕಂಡಷ್ಟನ್ನು ದೂರಿನಲ್ಲಿ ಬರೆಸಬೇಕು: ಎತ್ತರ, ವಯಸ್ಸು, ಗಾಯದ ಗುರುತು, ಮಾತಿನ ಭಾಷೆ, ಬೆಳಕು ಎಲ್ಲಿಂದ ಬರುತ್ತಿತ್ತು, ಎಷ್ಟು ಹೊತ್ತು ಕಂಡೆವು. ಕಾಣದ್ದನ್ನು ಊಹಿಸಿ ಸೇರಿಸಬಾರದು. ಊಹೆ ತಪ್ಪಾದರೆ ನಿಜವೂ ಅದರೊಂದಿಗೆ ಕೊಚ್ಚಿಹೋಗುತ್ತದೆ. ಒಬ್ಬರಿಗಿಂತ ಹೆಚ್ಚು ಮಂದಿ ಕಂಡಿದ್ದರೆ, ಹೇಳಿಕೆ ನೀಡುವ ಮುನ್ನ ತಮ್ಮತಮ್ಮಲ್ಲಿ ಚರ್ಚಿಸದಿರುವುದು ಲೇಸು.

ವಸತಿ ಸೊಸೈಟಿಗಳಲ್ಲಿ ಇಂದು ಹೊಸದೊಂದು ಅಭ್ಯಾಸ ಕಾಣುತ್ತಿದೆ. ಸಿಸಿಟಿವಿಯ ತುಣುಕನ್ನೋ, ಶಂಕಿತನ ಭಾವಚಿತ್ರವನ್ನೋ ವಾಟ್ಸಾಪ್ ಗುಂಪಿನಲ್ಲಿ ಹಂಚಿ "ಇವನೇ ಕಳ್ಳ" ಎಂದು ಸಾರುವುದು. ಒಳ್ಳೆಯ ಉದ್ದೇಶದಿಂದ ಮಾಡಿದ ಈ ಕೆಲಸವು ಮುಂದಿನ ಪರೇಡನ್ನು ಕೆಡಿಸಬಹುದು. ಮೂಲ ಮುದ್ರಣವನ್ನು ಅಳಿಸದೆ ಕಾಪಾಡಿ, ನಿಯಮದಂತೆ ಪ್ರಮಾಣಪತ್ರದೊಂದಿಗೆ ಪೊಲೀಸರಿಗೆ ಒಪ್ಪಿಸುವುದೇ ಸರಿಯಾದ ದಾರಿ.

ಕೊನೆಯದಾಗಿ, ಸಂದೇಹದ ಬೆರಳು ಮೊದಲು ತಿರುಗುವುದು ಮನೆಗೆಲಸದವಳತ್ತ, ಕಾವಲುಗಾರನತ್ತ, ಪೇಪರ್ ಹಾಕುವ ಹುಡುಗನತ್ತ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಈ ನಗರಗಳಿಗೆ ಬಂದವರೇ ಅವರಲ್ಲಿ ಅನೇಕರು. ಒಂದು ಕಾಲಕ್ಕೆ ನಮ್ಮ ಹಿರಿಯರೂ ಹೀಗೆಯೇ ಬಂದಿದ್ದರು. "ಇವನಿರಬಹುದು" ಎಂಬುದನ್ನು "ಇವನೇ" ಎಂದು ಹೇಳಿಬಿಟ್ಟರೆ ಬಡವನೊಬ್ಬನ ಹಲವು ವರ್ಷಗಳು ಜೈಲಿನಲ್ಲಿ ಕಳೆಯಬಹುದು. ಆ ಅವಧಿಯಲ್ಲಿ ನಿಜವಾದ ಕಳ್ಳ ಮತ್ತೊಂದು ಮನೆಯ ಬಾಗಿಲು ತಟ್ಟುತ್ತಿರುತ್ತಾನೆ. ಪೊಲೀಸರ ಮುಂದೆ "ಖಚಿತವಾಗಿ ಹೇಳಲಾರೆವು" ಎಂದು ನುಡಿಯಲು ಯಾರೂ ಸಂಕೋಚಪಡಬೇಕಾಗಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಇಂಥ ಸಂದರ್ಭಗಳಿಗಾಗಿಯೇ. ಓದುಗರು ಈ ವಿಷಯವನ್ನು ಮನೆಯವರೊಂದಿಗೆ ಒಮ್ಮೆ ಮಾತಾಡಿ, ಬರುವ ಭಾನುವಾರ ಒಡವೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದರೆ ನಮ್ಮ ಬರಹದ ಶ್ರಮ ಸಾರ್ಥಕ.